ಋಣ ಇಲ್ಲ ಎಂದ ಮಾತು

ಹಮೀದಣ್ಣ, ನಿಮ್ಮ ರಾಣಿ ನಿಮ್ಮ ಮುಖ ನೋಡದ ಹಾಗೆ ಮಾಡಿದವನು ನಾನು. ಅದು ನಾಯಿಯ ತಪ್ಪಲ್ಲ, ನಿಮ್ಮ ತಪ್ಪಂತೂ ಅಲ್ಲವೇ ಅಲ್ಲ. ಈಗ ಹೇಳಿದರೆ ನಿಮಗೆ ಕೇಳಿಸುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ— ಕೇಳಿಸುತ್ತಿದ್ದಾಗ ಹೇಳುವ ಧೈರ್ಯ ನನಗಿರಲಿಲ್ಲ.

ಎಂಟು ವರ್ಷದ ಹಿಂದೆ ನೀವು ಆ ಕಂದು ಮರಿಯನ್ನು ಗೋಣಿಬೀಡಿನ ನಿಮ್ಮ ಗ್ಯಾರೇಜಿನಿಂದ ಜೀಪಿನಲ್ಲಿ ತಂದು ನನ್ನ ಅಂಗಳದಲ್ಲಿ ಇಳಿಸಿದಿರಿ. ಎಸ್ಟೇಟುಗಳ ನಾಯಿಗಳಿಗೆ ಬುದ್ಧಿ ಕಲಿಸುವವನು ಎಂದು ನನಗೆ ಹೆಸರಿತ್ತು. ಹೆಸರಿಗಿಂತ ಜಂಬವೇ ಜಾಸ್ತಿ ಇತ್ತು. ಇಂಜಿನ್ನುಗಳ ಸದ್ದಿನಲ್ಲಿ ನಿಮ್ಮ ಕಿವಿ ಮಂದವಾಗುತ್ತಿತ್ತು. ಬೆನ್ನ ಹಿಂದೆ ಗಾಡಿ ಬಂದರೆ ನಾಯಿ ನಿಮ್ಮನ್ನು ಮುಟ್ಟಿ ತಿಳಿಸಬೇಕು— ನೀವು ಕೇಳಿದ್ದು ಅಷ್ಟೇ.

ಅದಕ್ಕೆ ಮೊದಲು ನಾಯಿ ಯಜಮಾನನ ಮುಖ ನೋಡಲು ಕಲಿಯಬೇಕು. ಹೆಸರು ಕರೆದಾಗ ಕಣ್ಣಿಗೆ ಕಣ್ಣು ಕೊಟ್ಟರೆ ಒಂದು ಚೂರು ಒಣಮೀನು. ಬೇರೆಡೆ ನೋಡಿದರೆ ಇಲ್ಲ. ಆ ಚೂರು ಯಜಮಾನನ ಕೈಯಿಂದಲೇ ಹೋಗಬೇಕು. ಇದೆಲ್ಲ ಗೊತ್ತಿದ್ದೂ ನಿಮಗೆ ಒಂದು ತಿಂಗಳು ಬರಬೇಡಿ ಎಂದೆ, ನನ್ನ ಕೈಯಿಂದ ಕೊಟ್ಟೆ. ಅದು ನನ್ನನ್ನು ನೋಡುತ್ತಿದ್ದ ರೀತಿ— ಹೆಂಡತಿ ಮಕ್ಕಳೂ ನನ್ನನ್ನು ಹಾಗೆ ನೋಡಿದವರಲ್ಲ. ಬಿಟ್ಟುಕೊಡಲು ಮನಸ್ಸಾಗಲಿಲ್ಲ.

ಆಮೇಲೆ ನೀವು ನಾಲ್ಕು ಶುಕ್ರವಾರ ನಮಾಜು ಮುಗಿಸಿ ಬಂದಿರಿ. "ರಾಣಿ, ರಾಣಿ" ಎಂದು ಕರೆದಿರಿ. ಅದು ನಿಮ್ಮ ಭುಜದಾಚೆ ನೋಡುತ್ತಿತ್ತು. ಯಾಕೆಂದರೆ ನಿಮ್ಮ ಹಿಂದೆ ನಾನು ಒಣಮೀನು ಹಿಡಿದು ಬೆರಳಾಡಿಸುತ್ತ ನಿಂತಿರುತ್ತಿದ್ದೆ. ನೀವು ತಿರುಗುವಷ್ಟರಲ್ಲಿ ಕೈ ಜೇಬಿನಲ್ಲಿರುತ್ತಿತ್ತು. ನಾಲ್ಕನೆಯ ಶುಕ್ರವಾರ ನಾನೇ ಹೇಳಿದೆ:

"ಇದ್ಕೂ ನಿಮ್ಗೂ ಋಣ ಇಲ್ಲ ಹಮೀದಣ್ಣ. ಬಿಟ್ಬಿಡಿ."

ಬೇರೇನು ಹೇಳಿದ್ದರೂ ನೀವು ವಾದ ಮಾಡುತ್ತಿದ್ದಿರಿ. ಋಣ ಇಲ್ಲ ಎಂದ ಮೇಲೆ ನಮ್ಮ ಕಡೆ ಯಾರು ಎದುರು ಮಾತಾಡುತ್ತಾರೆ? ನೀವು ಅದರ ತಲೆ ಸವರಿ, "ಹಂಗಾರೆ ನಿಮ್ಮತ್ರನೇ ಇರ್ಲಿ ಮಾರಾಯ್ರೆ" ಎಂದು ಹೋದಿರಿ. ರಾಣಿ ಏಳು ವರ್ಷ ನನ್ನ ಮನೆಯಲ್ಲಿ ಬದುಕಿ, ಹೋದ ವರ್ಷ ಸತ್ತಿತು.

ಒಂದು ನಾಯಿ ಕದ್ದೆ, ಅಷ್ಟೇ ತಾನೆ ಅಂದುಕೊಂಡಿದ್ದೆ. ಮೊನ್ನೆ ಮೂಡಿಗೆರೆಯಲ್ಲಿ ಬಸ್ಸಿಗೆ ಕಾಯುವಾಗ ನಿಮ್ಮ ಮನೆಯವರು, ನಫೀಸಕ್ಕ, ಸಿಕ್ಕಿದರು. ತೀರಿಹೋದ ನಿಮ್ಮ ತಮ್ಮನ ಮಗಳನ್ನು, ಮಕ್ಕಳಿಲ್ಲದ ಮನೆಗೆ ತಂದು ಸಾಕೋಣ ಎಂದು ಅವರು ಆ ವರ್ಷ ಎಷ್ಟು ಬೇಡಿದರೂ ನೀವು ಒಪ್ಪಲಿಲ್ಲವಂತೆ. ಹುಡುಗಿ ಯಾರ್ಯಾರದೋ ಮನೆಯಲ್ಲಿ ಬೆಳೆದಳಂತೆ.

"'ಒಂದು ನಾಯೀನೇ ನಂಗೆ ಒಗ್ಗಲಿಲ್ಲ, ಇನ್ನು ಮಗು ಒಗ್ಗುತ್ತಾ' ಅಂದ್ರು ಕಣಪ್ಪ," ಎಂದರು ನಫೀಸಕ್ಕ.

ಆ ಮಗುವಿನ ಎಂಟು ವರ್ಷ, ನಿಮ್ಮ ಎಂಟು ವರ್ಷ— ಯಾವುದನ್ನು ತಂದುಕೊಡಲಿ? ರಾಣಿಯೂ ಇಲ್ಲ. ಕ್ಷಮಿಸಿ ಎಂದು ಕೇಳುವ ಮುಖ ನನಗಿಲ್ಲ. ಈ ಕಾಗದವನ್ನು ನಾನೇ ತರುತ್ತೇನೆ. ನೀವು ಓದಿ ಮುಗಿಸುವವರೆಗೆ ಎದುರಿಗೆ ನಿಂತಿರುತ್ತೇನೆ.

ಇನ್ನೊಂದನ್ನು ನಿಮಗೆ ಹೇಳಿರಲಿಲ್ಲ. ಮೊದಲ ದಿನ ನೀವು ರಾಣಿಯನ್ನು ನನ್ನಲ್ಲಿ ಬಿಟ್ಟುಹೋದಾಗ ಅದು ಮೂರು ದಿನ ಅನ್ನ ಮುಟ್ಟಲಿಲ್ಲ. ನಿಮ್ಮ ಜೀಪು ಹೋದ ದಾರಿಯನ್ನೇ ನೋಡುತ್ತ ಗೇಟಿನ ಹತ್ತಿರ ಕೂತಿತ್ತು.