ದೊಡ್ಡಪ್ಪನ ಕಾರು, ಅಜ್ಜಿಯ ಜೇಡಿಮಣ್ಣು

ಆವತ್ತು ನಾನು ಬಾಯಿ ಮುಚ್ಕೊಂಡಿದ್ದಿದ್ರೆ ನನ್ ಸೊಂಟ ಉಳೀತಿತ್ತು. ಆದ್ರೆ ನಾನು ಬಾಯಿ ಮುಚ್ಚಿದ್ದನ್ನ ಎನ್.ಆರ್. ಕಾಲೋನೀಲಿ ಇದುವರೆಗೂ ಯಾರೂ ನೋಡಿಲ್ಲ.

ಶುಕ್ರವಾರ ಸಂಜೆ. ದೊಡ್ಡಪ್ಪ ಕಾಫಿ ಲೋಟ ಕೆಳಗಿಟ್ಟು, "ಅವ್ವಾ, ಸೋಮವಾರ ಮೇಸ್ತ್ರಿ ಬರ್ತಾನೆ. ಗೇಟ್ ಪಕ್ಕದ ಜಾಗಕ್ಕೆ ಕಾಂಕ್ರೀಟ್ ಹಾಕ್ಸಿ ಕಾರ್ ನಿಲ್ಲಿಸ್ಬಿಡ್ತೀನಿ" ಅಂದ್ರು.

ಗೇಟ್ ಪಕ್ಕದ ಜಾಗ ಅಂದ್ರೆ ಅಜ್ಜಿ ಪಾತಿ. ದಂಟು, ಬದನೆ, ಹೀರೇಕಾಯಿ ಎಲ್ಲಾ ಅಲ್ಲೇ ಬೆಳೀತಿತ್ತು. ಹೋದ ವರ್ಷ ಅಜ್ಜಿ ಮಂಡಿ ಆಪರೇಷನ್ನಿಗೆ ಆಸ್ಪತ್ರೇಲಿದ್ದಾಗ ಪಕ್ಕದ ಸೈಟ್‌ನಲ್ಲಿ ಬೇಸ್‌ಮೆಂಟ್ ತೋಡಿದ್ರು. ಮಣ್ಣು ಪುಕ್ಸಟ್ಟೆ ಸಿಗುತ್ತೆ ಅಂತ ದೊಡ್ಡಪ್ಪ ನಾಲ್ಕು ಲೋಡ್ ತಂದು ಪಾತಿ ಮೇಲೇ ಹರಡಿಸ್ಬಿಟ್ರು. ಅಪ್ಪಟ ಜೇಡಿಮಣ್ಣು. ಆವತ್ತಿಂದ ಅಲ್ಲಿ ಹುಲ್ಲೂ ಹುಟ್ಟಿರ್ಲಿಲ್ಲ. ಅಜ್ಜಿ ಮಾತ್ರ ದಿನಾ ಬೆಳಗ್ಗೆ ಕೋಲು ಊರ್ಕೊಂಡು ಬಂದು ಒಂದ್ಸಲ ನೋಡಿ ಒಳಗೋಗ್ತಿತ್ತು.

ಕಾಂಕ್ರೀಟ್ ಅಂದಾಗ ಅಜ್ಜಿ ಜಗಳ ಮಾಡ್ಲಿಲ್ಲ. ಸೆರಗಿನ ತುದೀಲಿ ಗಂಟು ಹಾಕಿಟ್ಟಿದ್ದ ದಂಟಿನ ಬೀಜ ಬಿಚ್ಚಿ ನೋಡಿ, ಮತ್ತೆ ಗಂಟು ಹಾಕ್ತು. ನಂಗೆ ತಡ್ಕೊಳಕ್ಕಾಗ್ಲಿಲ್ಲ.

"ನಾನ್ ಅಗೀತೀನಿ. ಒಂದೇ ಗಂಟೆ ಕೆಲ್ಸ."

ದೊಡ್ಡಪ್ಪ ನನ್ ಕೈ ನೋಡಿದ್ರು. ಆ ಕೈ ಅಲ್ಲೀವರೆಗೂ ಎತ್ತಿದ್ದ ಅತೀ ಭಾರದ ವಸ್ತು ಅಂದ್ರೆ ಫಸ್ಟ್ ಪಿಯುಸಿ ಫಿಸಿಕ್ಸ್ ಪುಸ್ತಕ. ಅದನ್ನೂ ಓದೋಕಲ್ಲ, ಜಿರಳೆ ಹೊಡಿಯೋಕೆ.

"ಸರಿ ಕಣಮ್ಮಾ. ಭಾನುವಾರ ದೀಪ ಹಚ್ಚೋ ಹೊತ್ತಿಗೆ ಪೂರ್ತಿ ಅಗೆದಿದ್ರೆ ಜಾಗ ಅವ್ವಂದು. ಆದ್ರೆ ಅವ್ವ ಕುರ್ಚಿ ಬಿಟ್ಟು ಎದ್ದು ಗುದ್ದಲಿ ಮುಟ್ಟಿದ್ರೆ ಅಲ್ಲಿಗೆ ಮುಗೀತು. ಆ ಮಂಡಿ ಇನ್ನೊಂದ್ಸಲ ಕೊಯ್ಸೋಕೆ ನನ್ ಕೈಲಾಗಲ್ಲ."

ಶನಿವಾರ ಬೆಳಗ್ಗೆ ನಾನು ಗರಡಿ ಪೈಲ್ವಾನನ ಥರ ಗುದ್ದಲಿ ತಲೆ ಮೇಲೆತ್ತಿ ಬೀಸಿದೆ. ಟಣ್! ಗುದ್ದಲಿ ವಾಪಸ್ ಬಂತು. ನನ್ ಹಲ್ಲಿಂದ ಹಿಡಿದು ಹಿಮ್ಮಡೀವರೆಗೂ ಮೊಬೈಲ್ ವೈಬ್ರೇಟ್ ಆದಂಗಾಯ್ತು. ಮಣ್ಣಿನ ಮೇಲೆ ಬಿದ್ದಿದ್ದು ಉಗುರಲ್ಲಿ ಪರಚಿದಷ್ಟು ಗುರುತು. ಹತ್ತೇಟಿಗೆ ಅಂಗೈಲಿ ಬೊಬ್ಬೆ.

ಆಗ ನನ್ ತಲೆ ಓಡ್ತು. ಸಂಪ್ ಮೋಟರ್ ಹಾಕಿ, ಪೈಪ್ ಬಿಟ್ಟು, ನೆರಳಲ್ಲಿ ಕೂತು ಹಾಡ್ ಕೇಳಿದೆ. ಅರ್ಧ ಗಂಟೇಲಿ ಪಾತಿ ಕೆರೆ ಆಯ್ತು. ಹೆಮ್ಮೆಯಿಂದ ಕಾಲಿಟ್ಟೆ. ಎತ್ತಿದ್ರೆ ಕಾಲು ಬಂತು, ಚಪ್ಪಲಿ ಬರ್ಲಿಲ್ಲ. ಗುದ್ದಲಿಗೆ ಒಂದು ಕರು ತೂಕದಷ್ಟು ಮಣ್ಣು ಮೆತ್ಕೊಂಡು ಕಳಚೋದೇ ಇಲ್ಲ.

ಅಷ್ಟೊತ್ತಿಗೆ ಅಜ್ಜಿ ಪಾತಿ ಪಕ್ಕ ಹಾಕಿದ್ದ ಕುರ್ಚಿಗೆ ಬಂತು. ನೋಡ್ತು. ಬೈಲಿಲ್ಲ. ಅದೇ ಭಯ ಆಗಿದ್ದು.

"ಏನ್ ಮಾಡ್ದೆ ಕಣವ್ವಾ. ಜೇಡಿಮಣ್ಣಿಗೆ ಹಿಂಗೆ ನೀರು ಕಟ್ತಾರಾ? ಇದನ್ನ ಈಗ ತುಳಿದ್ರೆ, ಅಗೆದ್ರೆ, ಒಣಗಿದ್ಮೇಲೆ ಇಟ್ಟಿಗೆ ಆಯ್ತದೆ. ಮೊದ್ಲು ಆಚೆ ಬಾ."

"ಮತ್ತೆ ಯಾವಾಗ ಅಗಿಯೋದು ಅಜ್ಜಿ?"

"ಅದು ಹೂಂ ಅಂದಾಗ."

ಇರೋದು ಒಂದೂವರೆ ದಿನ, ಮಣ್ಣು ಹೂಂ ಅನ್ಬೇಕಂತೆ! ನಿಂತ ನೀರನ್ನ ಚೊಂಬಲ್ಲಿ ಮೊಗೆದು ಮೋರಿಗೆ ಸುರಿದೆ. ಮುನ್ನೂರು ಚೊಂಬು. ಸರಿ, ಅರವತ್ತು. ಮಧ್ಯಾಹ್ನ ಮೂರಕ್ಕೆ ಬಸವನಗುಡಿ ಕಡೆಯಿಂದ ಮೋಡ ಎದ್ದು ಬಂತು. ಕಾರಿನ ಮೇಲೆ ಹೊದಿಸಿದ್ದ ದೊಡ್ಡಪ್ಪನ ಕವರ್ ಕಿತ್ತು ಪಾತಿ ಮೇಲೆ ಎಳ್ದೆ. ದೊಡ್ಡಪ್ಪ ಮಹಡಿಯಿಂದ, "ಲೇ, ಅದು ಹೊಸ ಕವರು!" ಅಂತ ಕೂಗಿದ್ರು. ಮಳೆ ಬರ್ಲಿಲ್ಲ. ಬೈಗುಳ ಬಂತು.

ಭಾನುವಾರ ಬೆಳಗ್ಗೆ ಆರಕ್ಕೇ ಒಂದ್ ಹಿಡಿ ಮಣ್ಣು ತಗೊಂಡು ಕುರ್ಚಿ ಹತ್ರ ಓಡ್ದೆ. ಅಜ್ಜಿ ಅದನ್ನ ಅಂಗೈಲಿ ಒತ್ತಿ ಉಂಡೆ ಕಟ್ಟಿ ಕೆಳಗೆ ಬಿಡ್ತು. ಪಚಕ್! ಹಂಗೇ ಕೂತ್ಕೊಂತು.

"ಮುದ್ದೆ ಆಗೈತೆ. ತಡಿ."

ಒಂಬತ್ತಕ್ಕೆ ಇನ್ನೊಂದುಂಡೆ. ಪಚಕ್. ಹತ್ತೂವರೆಗೆ ಇನ್ನೊಂದು. ದೊಡ್ಡಪ್ಪ ಪೇಪರ್ ಸಂದಿಯಿಂದ ನೋಡ್ತಾ, "ಏನಮ್ಮಾ, ಲಡ್ಡು ಅಂಗಡಿ ಇಟ್ಟಿದೀರಾ?" ಅಂತ ಚುಚ್ಚಿದ್ರು. ನಾನು ಉತ್ತರ ಕೊಡ್ಲಿಲ್ಲ. ಆವತ್ತು ಎಷ್ಟು ಟೆನ್ಷನ್ ಆಗಿತ್ತು ಅಂತ ಇದರಲ್ಲೇ ಗೊತ್ತಾಗ್ಬೇಕು.

ಹನ್ನೆರಡೂವರೆಗೆ ಬಿಟ್ಟ ಉಂಡೆ ನೆಲಕ್ಕೆ ಬಿದ್ದು ರವೆ ಉಂಡೆ ಥರ ಪುಡಿಪುಡಿ ಆಯ್ತು. ಅಜ್ಜಿ ಕೋಲು ನೆಲಕ್ಕೆ ಕುಟ್ಟಿ, "ಹಿಡ್ಕೊ ಗುದ್ದಲಿ!" ಅಂತು.

ಕುರ್ಚಿಯಿಂದಲೇ ಅಪ್ಪಣೆ ಶುರು. "ತಲೆ ಮ್ಯಾಲೆ ಎತ್ಬ್ಯಾಡ, ಎದೆಮಟ್ಟ ಸಾಕು. ನೀನ್ ಹೊಡೀಬ್ಯಾಡ, ಅದರ ಭಾರಕ್ಕೆ ಅದೇ ಬೀಳ್ತದೆ. ಬ್ರೆಡ್ ಹೋಳಿನಷ್ಟೇ ಕತ್ರಿಸು. ಎತ್ಬ್ಯಾಡ, ಎಳಿ, ಮಗುಚು. ಹಿಂದಕ್ಕೆ ಹೋಗ್ತಾ ಅಗಿ, ಅಗೆದಿದ್ದನ್ನ ತುಳೀಬ್ಯಾಡ. ಮಣ್ಣಿನ ಹೆಂಟೆ ಒಡೀಬ್ಯಾಡ, ಬಿಸಿಲು ಒಡೀತದೆ. ಹತ್ತೇಟು ಆಯ್ತಾ? ಕೂತ್ಕೊ."

"ಕೂತ್ರೆ ಟೈಮ್ ಎಲ್ಲಿದೆ ಅಜ್ಜಿ!"

"ಕೂರ್ದಿದ್ರೆ ಸೊಂಟ ಎಲ್ಲದೆ?"

ನಿಜ ಹೇಳ್ಬೇಕಂದ್ರೆ, ಆಮೇಲೆ ಗುದ್ದಲಿ ಹಗುರ ಆಗ್ಬಿಡ್ತು. ಹತ್ತೇಟು, ಕೂರು, ಒಂದು ಗುಟುಕು ಮಜ್ಜಿಗೆ. ನಾಲ್ಕು ಗಂಟೆಗೆ ಅರ್ಧ ದಾಟಿತ್ತು. ಐದೂವರೆಗೆ ಮುಕ್ಕಾಲು. ನೆರಳು ಉದ್ದ ಆಗೋಕೆ ಶುರುವಾದಾಗ ನನ್ ಹಳೇ ಕಾಯಿಲೆ ಕೆರಳ್ತು. ಕೂರೋದು ಬಿಟ್ಟೆ. ದೊಡ್ಡಪ್ಪ ನೋಡ್ತಿದಾರೆ ಅಂತ ತಲೆ ಮೇಲೆತ್ತಿ ಒಂದೇಟು ಬಿಟ್ಟು, ಹೆಬ್ಬಂಡೆಯಂಥ ಹೆಂಟೇನ ಎತ್ತೋಕೆ ಹೋದೆ. ಸೊಂಟದಲ್ಲಿ ಚಳಕ್ ಅಂತು. ಗುದ್ದಲಿ ಬಿಟ್ಟು ಅಲ್ಲೇ ಕುಕ್ಕರಿಸ್ದೆ. ಏಳೋಕಾಗ್ತಿಲ್ಲ.

ಅಜ್ಜಿ ಎದ್ದು ಬಂದ್ಬಿಡ್ತು.

ಕೋಲು ಬಿಟ್ಟು ಎರಡು ಹೆಜ್ಜೆ ಇಟ್ಟು, ಕೈ ಗುದ್ದಲಿ ಕಡೆಗೇ ಹೋಗ್ತಿದೆ. ಮಹಡಿ ಕಿಟಕೀಲಿ ದೊಡ್ಡಪ್ಪ. ನಾನು ಕೂತಲ್ಲಿಂದಲೇ ಗುದ್ದಲಿ ಕಾವು ಎರಡೂ ಕೈಲಿ ಗಟ್ಟಿಯಾಗಿ ಹಿಡ್ಕೊಂಡು, "ಮುಟ್ಬೇಡ ಅಜ್ಜಿ. ಪ್ಲೀಸ್. ಮುಟ್ಟಿದ್ರೆ ಎಲ್ಲಾ ಹೋಗುತ್ತೆ" ಅಂದೆ. ಅಷ್ಟು ಸಣ್ಣ ದನಿ ನನ್ ಗಂಟ್ಲಲ್ಲಿದೆ ಅಂತ ನಂಗೇ ಗೊತ್ತಿರ್ಲಿಲ್ಲ.

ಅಜ್ಜಿ ಕೈ ಗಾಳೀಲೇ ನಿಂತು, ನನ್ ತಲೆ ಮೇಲೆ ಕೂತ್ಕೊಂತು.

ಒಳಗೆ ಅಮ್ಮ ದೀಪ ಹಚ್ಚಿದ್ರು.

ದೊಡ್ಡಪ್ಪ ಕೆಳಗಿಳಿದು ಬಂದು ಪಾತಿ ಸುತ್ತಾ ನಡೆದ್ರು. ಗೇಟ್ ಹತ್ರ ಒಂದು ಮೂಲೆ ಅಗೀದೇ ಉಳಿದಿತ್ತು, ಒಂದು ಚಾಪೆಯಷ್ಟು. ಬಗ್ಗಿ ಹಿಡಿ ಮಣ್ಣು ತಗೊಂಡು, ಉಂಡೆ ಕಟ್ಟಿ, ಕೈ ಬಿಟ್ರು. ಪುಡಿ ಆಯ್ತು. ಅವರಿಗೂ ಇದು ಗೊತ್ತಿತ್ತು ಅಂತ ನಂಗೆ ಆಗ್ಲೇ ತಿಳಿದಿದ್ದು.

"ಪೂರ್ತಿ ಆಗಿಲ್ಲ" ಅಂದ್ರು.

ಅಜ್ಜಿ ಸೆರಗಿನ ಗಂಟು ಹಿಡ್ಕೊಂತು.

"ಅಗೆದಿದ್ದು ಅವ್ವಂದು. ಅಗೀದೇ ಇರೋದು ನಂದು. ಅವ್ವಾ, ಮೊದ್ಲು ಹೋಗಿ ಕುರ್ಚೀಲಿ ಕೂತ್ಕೊ."

ಸೋಮವಾರ ಮೇಸ್ತ್ರಿ ಬಂದು ಆ ಚಾಪೆಯಷ್ಟು ಜಾಗಕ್ಕೆ ಕಾಂಕ್ರೀಟ್ ಹಾಕ್ತಾ, "ಇದರ ಮೇಲೆ ಕಾರ್ ನಿಲ್ಸ್ತೀರಾ ಸಾರ್? ಆಟದ್ದಾ?" ಅಂತ ಕೇಳ್ದ. ಕಾರು ಈಗ್ಲೂ ರೋಡಲ್ಲೇ ಇದೆ. ಆ ಕಾಂಕ್ರೀಟ್ ಮೇಲೆ ಅಜ್ಜಿ ಕುರ್ಚಿ ಹಾಕ್ಕೊಂಡು ದಂಟಿನ ಸೊಪ್ಪು ಬಿಡಿಸುತ್ತೆ, ಮಂಡಿಗೆ ಸಮತಟ್ಟಾಗಿದೆ ಅಂತ. ಅಜ್ಜಿಗೆ ಅನುಕೂಲ ಆಗ್ಲಿ ಅಂತಲೇ ಆ ಮೂಲೆ ನಾನೇ ಬೇಕಂತ ಬಿಟ್ಟಿದ್ದು ಅಂತ ಕಾಲೇಜಲ್ಲಿ ಎಲ್ಲರಿಗೂ ಹೇಳಿದೀನಿ. ನನ್ ಸೊಂಟದ ನೋವಿನೆಣ್ಣೆ ವಾಸನೆ ಮಾತ್ರ ಇನ್ನೂ ಹೋಗಿಲ್ಲ.