ಕೆಂಪು ಬಣ್ಣದ ಕಮಲಾಪುರ

ಕಮಲಾಪುರದ ನನ್ನ ಚಿಗವ್ವನ ಮನೆಗೆ ಯಾರೇ ಹೋಗಲಿ, ಕೂರುವ ಮೊದಲೇ ಒಂದು ತಂಬಿಗೆ ನೀರು, ಅಂಗೈಯಲ್ಲೊಂದು ಬೆಲ್ಲದ ಚೂರು. ಬೆಲ್ಲ ನೆಪಕ್ಕೆ ಮಾತ್ರ. ಆಕೆಯ ಹೆಮ್ಮೆಯೆಲ್ಲ ನೀರಿನದು. ಸುತ್ತ ಕಾಲುವೆ, ಗದ್ದೆ, ಬಾಳೆತೋಟ. ನೆಲ ತುಸು ಕೆದರಿದರೆ ಸಾಕು, ಗಂಗವ್ವ ಮೇಲೆದ್ದು ಬರುತ್ತಾಳೆ. ಮರಿಯಮ್ಮನಹಳ್ಳಿಯ ಬೀಗರೆದುರು ಚಿಗವ್ವ ಇದನ್ನು ಹೇಳಿಕೊಂಡು ಮೆರೆಯದ ಹಬ್ಬವಿಲ್ಲ.

ನನ್ನ ಕಸುಬೋ, ಆ ಹೆಮ್ಮೆಗೆ ಕಲ್ಲು ಹಾಕುವಂಥದ್ದು. ನೀರು ಎಷ್ಟು ಆಳದಲ್ಲಿದೆ, ಮಣ್ಣು ಎಂಥದ್ದು, ಇಳಿಜಾರು ಎಷ್ಟು ಎಂಬುದನ್ನೆಲ್ಲ ಕಂಪ್ಯೂಟರಿಗೆ ಉಣಿಸಿದರೆ, ಮೇಲಿನ ಹೊಲಸು ಎಲ್ಲಿ ಬೇಗ ಅಂತರ್ಜಲಕ್ಕೆ ಇಳಿದೀತೆಂದು ಅದು ನಕ್ಷೆಗೆ ಬಣ್ಣ ಬಳಿದು ತೋರಿಸುತ್ತದೆ, ಅಪಾಯ ಹೆಚ್ಚಿದ್ದಲ್ಲಿ ಕೆಂಪು, ಕಡಿಮೆಯಿದ್ದಲ್ಲಿ ಹಸಿರು. ವಿಚಿತ್ರ ನೋಡಿ: ಎಷ್ಟು ಕೊರೆದರೂ ನೀರು ಕಾಣದ ಮರಿಯಮ್ಮನಹಳ್ಳಿ ಕಡೆ ಹಸಿರು, ನೀರು ತುಳುಕುವ ಕಮಲಾಪುರ ಕೆಂಪು. ನಮಗೆ ಸುಲಭವಾಗಿ ಸಿಗುವ ನೀರು ಹೊಲಸಿಗೂ ಅಷ್ಟೇ ಸುಲಭವಾಗಿ ಸಿಗುತ್ತದೆ. ಈ ಲೆಕ್ಕ ನನಗೆ ಬಹಳ ದಿನ ಬರೀ ಲೆಕ್ಕವಾಗಿಯೇ ಇತ್ತು.

ಮೊನ್ನೆ ಹೋದಾಗ ಹಿತ್ತಲಲ್ಲಿ ಗೌಂಡಿ ಕೆಲಸ ನಡೆಸಿದ್ದ. ಚಿಗವ್ವನ ಮಗಳು ರೇಣುಕಾ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಆಕೆಗೆಂದೇ ಹೊಸ ಪಾಯಖಾನೆ. ನಮ್ಮ ಕಡೆಯ ರೂಢಿಯೊಂದಿದೆ, ಬೋರ್ ಬಂದ ಮೇಲೆ ಬಳಕೆ ತಪ್ಪಿದ ಹಳೇ ಬಾವಿಯೇ ಪಾಯಖಾನೆಗೆ ಪುಕ್ಕಟೆ ಗುಂಡಿ. ಪಾಯಖಾನೆಯ ಪೈಪು ಆಗಲೇ ಬಾವಿಯ ಬಾಯಿಗೆ ಬಂದಿತ್ತು. ಕುಡಿಯುವ ನೀರಿನ ಬೋರು ಅಲ್ಲೇ ಮಗ್ಗುಲಲ್ಲಿ. ನಾನು ಗೌಂಡಿಯನ್ನು ತಡೆದೆ.

"ಚಿಗವ್ವಾ, ಬ್ಯಾಡ. ಬಾವಿಗೆ ಬಿಟ್ಟಿದ್ದು ಬೋರಿಗೆ ಬರತೈತಿ."

"ಅಲ್ಲಬೇ, ಈಗ ನೀರು ಕೆಟ್ಟೈತೇನು?"

"ಗೊತ್ತಿಲ್ಲ. ಕೆಡೋ ಭಯ ಐತಿ."

"ಭಯ ಪಡಾಕ ಕಂಪ್ಯೂಟರ್ ಬೇಕೇನು? ಸುಮ್ನ ಕುಂದ್ರು!"

ಆಕೆಯದೂ ಸರಿಯೇ. ನನ್ನ ನಕ್ಷೆ ಭಯವನ್ನಷ್ಟೇ ಹೇಳಬಲ್ಲದು, ಸಾಕ್ಷಿ ನುಡಿಯಲಾರದು. ಸಾಕ್ಷಿ ಸಿಗುವ ಹೊತ್ತಿಗೆ ಯಾರೋ ಆ ನೀರು ಕುಡಿದಿರುತ್ತಾರೆ.

ಕಟ್ಟೆಯ ಮೇಲೆ ಲೋಟ ಹಿಡಿದು ಕೂತಿದ್ದ ರೇಣುಕಾ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡಳು. "ಅವ್ವಾ, ಕುಡಿಯಾಕಿ ನಾನು. ನನಗ ಅಷ್ಟು ಭಯ ಸಾಕು. ಪೈಪ್ ತಗಸು."

ಚಿಗವ್ವ ಗೊಣಗುತ್ತಲೇ ಗೌಂಡಿಯತ್ತ ತಿರುಗಿದಳು. "ಬಿಚ್ಚಪಾ. ಬೋರಿಂದ ದೂರ ಬ್ಯಾರೆ ಗುಂಡಿ ತೋಡು."

ಸದ್ಯ, ಗೆದ್ದೆ ಎಂದುಕೊಂಡೆ. ಅಷ್ಟರಲ್ಲಿ ರೇಣುಕಾ ಕಾಂಪೌಂಡ್ ಗೋಡೆಯಾಚೆ ನೋಡುತ್ತ ಕೇಳಿದಳು: "ಅಕ್ಕಾ, ಬಾಜೂ ಮನಿ ಶಾಂತವ್ವನವ್ರು ಹೋದ ವರ್ಷನ ಪಾಯಖಾನಿ ಪೈಪ್ ತಮ್ಮ ಬಾವಿಗೆ ಬಿಟ್ಟಾರಲ್ಲ?"

ನೆಲದಡಿಯ ನೀರಿಗೆ ಕಾಂಪೌಂಡ್ ಇಲ್ಲ. "ಪರೀಕ್ಷೆ ಆಗೋತನ ಈ ನೀರು ಬ್ಯಾಡ," ಎಂದಷ್ಟೇ ಹೇಳಿದೆ.

ಚಿಗವ್ವ ನನ್ನ ಮುಖ ನೋಡಿದಳು. ಮಗಳ ಕೈಯಿಂದ ಲೋಟ ಕಸಿದು ನೀರನ್ನು ನೆಲಕ್ಕೆ ಚೆಲ್ಲಿ, ಗೋಡೆಯ ಹತ್ತಿರ ಓಡಿ, ಊರೇ ತಿರುಗಿ ನೋಡುವಂತೆ ಕೂಗಿದಳು: "ಶಾಂತವ್ವಾ! ಬೋರಿನ ನೀರು ಕುಡಿಬ್ಯಾಡ್ರಿ, ಜಲ್ದಿ ಹೊರಗ ಬಾ ಬೇ!"