ಭಾರ್ಗವ್ ಮೇಷ್ಟ್ರ ಸೆಷನ್ ಚೆಕ್ಕು

ಮುಳಬಾಗಿಲಿನಲ್ಲಿ ವೆಬ್‌ಸೈಟ್ ಬರೆಯುವುದನ್ನು ಕಲಿಸುವ ಭಾರ್ಗವ್ ಮೇಷ್ಟ್ರಿಗೆ ಮೂಗಿನ ತುದಿಯಲ್ಲೇ ಕೋಪ. ಒಳಗಿರುವವರು ಲಾಗಿನ್ ಆದವರೇ ಎಂದು ನೋಡುವ ಸೆಷನ್ ಚೆಕ್ಕನ್ನು ವಿದ್ಯಾರ್ಥಿಗಳು ಯಾವ ಪುಟದಲ್ಲಿ ಬರೆಯದೆ ಬಿಟ್ಟರೂ ಕೀಬೋರ್ಡು ಕಿತ್ತುಕೊಂಡು ಇಡೀ ಪುಟ ಅಳಿಸುತ್ತಾರೆ, ಸಿಟ್ಟು ನೆತ್ತಿಗೇರಿದರೆ "ಏಮ್ರಾ ಇದಿ, ಏನೋ ಇದು, ಮನೇನಾ, ಛತ್ರಾನಾ?" ಎಂದು ತೆಲುಗೂ ಕನ್ನಡವೂ ಒಟ್ಟಿಗೇ ಸಿಡಿಯುತ್ತವೆ. ಕಾಫಿ ಕುಡಿಯುವಾಗಲೂ ಬೈಗುಳ ನಿಲ್ಲದು. ಒಮ್ಮೆ ಶ್ರುತಿ ಎಂಬ ವಿದ್ಯಾರ್ಥಿನಿ, "ಲಾಗಿನ್ ಪುಟದಲ್ಲೇ ಕೇಳಿದೀವಲ್ಲ ಸಾರ್, ಮತ್ತೆ ಮತ್ತೆ ಯಾಕೆ?" ಎಂದಳು. ಮೇಷ್ಟ್ರು ಕೀಬೋರ್ಡಿನಿಂದ ಕೈ ತೆಗೆದರು. "ನನ್ನ ತಂಗಿ ಸೈಬರ್ ಸೆಂಟರಿನಲ್ಲಿ ಸೀಟು ಹಂಚೋ ವೆಬ್‌ಸೈಟ್ ನೋಡಿ, ಲಾಗೌಟ್ ಮಾಡಿಯೇ ಎದ್ದು ಬಂದಿದ್ಲಮ್ಮಾ. ಆಮೇಲೆ ಕೂತವರು ಯಾರೋ ಹಿಂದಿನ ಪುಟಕ್ಕೆ ಹೋಗಿ, ಅವಳ ಮೆಡಿಕಲ್ ಸೀಟು ಬೇಡ ಅಂತ ಒತ್ತಿಬಿಟ್ರು. ಯಾರು ನೀನು ಅಂತ ಆ ಪುಟ ಕೇಳಲೇ ಇಲ್ಲ. ಮನೆಯಲ್ಲಿ ಇವತ್ತಿಗೂ ಅವಳದೇ ತಪ್ಪು ಅಂತಾರೆ. ಅವಳೂ ಹಾಗೇ ನಂಬಿಬಿಟ್ಟಿದಾಳೆ."